ಕುಂಬಾರನು ಹೊರಟುಹೋದನೆ?
(ಜಗತ್ಕರ್ತೃವಿಚಾರದ ಚರಿತ್ರೆ)

ಮಡಕೆಯೊಂದನ್ನು ಕಂಡೊಡನೆ ಅದನ್ನು ಮಾಡಿದ ಕುಂಬಾರನೊಬ್ಬನಿರಬೇಕೆಂದು ನಾವು ತಿಳಿಯುವೆವು. ಭೂಮಿ, ಬೆಟ್ಟ, ಮೊಳಕೆ ಮೊದಲಾದುವೂ ಮಡಕೆಯಂತೆ ಕಾರ್ಯಗಳೇ ಆದುದರಿಂದ ಅವುಗಳಿಗೂ ಒಬ್ಬ ಕರ್ತೃವಿರಬೇಕು, ಆತನೇ ಈಶ್ವರನು. ತರ್ಕಶಾಸ್ತ್ರದ ಪ್ರಥಮ ಪಾಠಗಳನ್ನು ಕೇಳಿದವರಿಗೆಲ್ಲ ಈ ಅನುಮಾನವು ಪರಿಚಿತವಾದುದೇ. ನಾನೂ ಇದನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವನು. ಬಳಿಕ ಉಪಾಧ್ಯಾಯನಾಗಿ ಅನೇಕ ವರ್ಷಗಳ ಕಾಲ ಹುಡುಗರಿಗೆ ಹೇಳಿಕೊಟ್ಟವನು.

ಒಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕಾರು ಹುಡುಗರಿಗೆ ತರ್ಕಸಂಗ್ರಹವನ್ನು ಓದಿಸುತ್ತಿದ್ದಾಗ ಈ ಪ್ರಸಂಗವು ಬಂದಿತು. ಅವರಲ್ಲಿ ಒಬ್ಬನು ಕುಂಬಾರರ ಮನೆಯವನು. ಅವನು ಎದ್ದು ನಿಂತು, "ಸ್ವಾಮಿ, ನಮ್ಮ ತಂದೆಯವರು ತೀರಿಕೊಂಡು ಮೂರು ವರ್ಷವಾಯಿತು. ಅವರು ಮಾಡಿದ ಹರವಿಯಲ್ಲಿ ನಮ್ಮ ತಾಯಿ ಈಗಲೂ ನೀರು ತುಂಬಿಡುತ್ತಾರೆ" ಎಂದನು. ಇಷ್ಟನ್ನೇ ಹೇಳಿ ಕುಳಿತುಬಿಟ್ಟನು. ನಾನು ಸಂತೋಷಪಟ್ಟು, "ಸರಿಯಾಗಿ ಹೇಳಿದೆ, ಮಣ್ಣಿನ ಭಾಗಗಳು ಒಡೆದರೆ ಮಡಕೆಯು ನಾಶವಾಗುವುದು, ಕುಂಬಾರನು ಹೋದರೆ ಆಗದು, ನಿಮಿತ್ತಕಾರಣದ ನಾಶದಿಂದ ಕಾರ್ಯವು ನಾಶವಾಗುವುದಿಲ್ಲವೆಂಬುದೇ ಶಾಸ್ತ್ರಸಿದ್ಧಾಂತ" ಎಂದು ವಿವರಿಸಿ ಪಾಠವನ್ನು ಮುಂದುವರಿಸಿದೆನು. ಆ ಹುಡುಗನು ಪಾಠವನ್ನು ಕೇಳಿದವನಲ್ಲ, ಬೇರೆ ಏನನ್ನೋ ಕೇಳಿದವನು ಎಂಬುದು ನನಗೆ ಹೊಳೆದುದು ರಾತ್ರಿ ದೀಪವಾರಿಸಿದ ಮೇಲೆ. ಮಾಡಿದವನು ಹೋದ ಮೇಲೂ ಮಾಡಿದ ವಸ್ತುವು ಉಳಿಯುವುದಾದರೆ, ಈ ಜಗತ್ತನ್ನು ಮಾಡಿದವನು ಈಗ ಎಲ್ಲಿರುವನು? ಇದೇ ಅವನ ಪ್ರಶ್ನೆ.

ಅಂದಿನಿಂದ ನಮ್ಮ ಹಿರಿಯರು ಈ ಪ್ರಶ್ನೆಯನ್ನು ಹೇಗೆ ಎದುರಿಸಿದರೆಂಬುದನ್ನು ನನಗೆ ಬಿಡುವಾದಾಗಲೆಲ್ಲ ಹುಡುಕುತ್ತ ಬಂದಿರುವೆನು. ಹುಡುಕಿದಷ್ಟೂ ಒಂದು ವಿಷಯವು ನನಗೆ ದೃಢವಾಗುತ್ತ ಬಂದಿತು. ಈಶ್ವರನು ಜಗತ್ತನ್ನು ಮಾಡಿದನೆ ಎಂಬುದಕ್ಕಿಂತಲೂ, ಮಾಡಿದ ಮೇಲೆ ಅದರೊಡನೆ ಉಳಿದನೆ ಎಂಬುದೇ ನಮ್ಮ ದೇಶದ ವಾದಪರಂಪರೆಯಲ್ಲಿ ಹೆಚ್ಚು ತೂಕವುಳ್ಳ ಪ್ರಶ್ನೆಯಾಗಿದ್ದಿತು. ಆ ಪರಂಪರೆಯ ಕೆಲವು ಮುಖ್ಯ ಘಟ್ಟಗಳನ್ನು, ಅವುಗಳಲ್ಲಿಯೂ ಕನ್ನಡ ನಾಡಿಗೆ ಸಂಬಂಧಪಟ್ಟವನ್ನು, ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

೧

ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಈ ಪ್ರಶ್ನೆಯ ಬೀಜವಿರುವುದು. ವಿಶ್ವಕರ್ಮಸೂಕ್ತಗಳಲ್ಲಿ ಋಷಿಯು ಸೃಷ್ಟಿಕರ್ತನನ್ನು ಬಡಗಿಯಂತೆ ಭಾವಿಸಿ, ಆತನು ಯಾವ ಕಾಡಿನ ಯಾವ ಮರದಿಂದ ದ್ಯಾವಾಪೃಥಿವಿಗಳನ್ನು ಕೆತ್ತಿದನೆಂದು ಕೇಳುವನು. ಅದೇ ಮಂಡಲದ ೧೨೯ನೆಯದಾದ ನಾಸದೀಯ ಸೂಕ್ತವು ಇನ್ನೂ ಮುಂದಕ್ಕೆ ಹೋಗಿ, ಪರಮವ್ಯೋಮದಲ್ಲಿರುವ ಅಧ್ಯಕ್ಷನಾದರೂ ಈ ಸೃಷ್ಟಿಯ ಮೂಲವನ್ನು ಬಲ್ಲನೋ ಇಲ್ಲವೋ ಎಂಬ ಸಂಶಯದಲ್ಲಿ ಮುಗಿಯುವುದು. ಸಂಶಯವನ್ನು ಮಂತ್ರವನ್ನಾಗಿಸಿ ಪಾಠಕ್ರಮದಲ್ಲಿ ಉಳಿಸಿಕೊಂಡು ಬಂದ ಜನರು ನಮ್ಮವರೆಂಬುದನ್ನು ಮರೆಯಬಾರದು.

ಉಪನಿಷತ್ತುಗಳ ಕಾಲಕ್ಕೆ ಬಡಗಿಯ ದೃಷ್ಟಾಂತವು ಸಾಲದಾಯಿತು. ಬಡಗಿಯು ಹೊರಗೆ ನಿಂತು ಕೆಲಸ ಮಾಡುವವನು. ಮುಂಡಕೋಪನಿಷತ್ತು ಆ ಸ್ಥಾನದಲ್ಲಿ ಜೇಡರ ಹುಳುವನ್ನು ತಂದಿತು. ಜೇಡವು ನೂಲನ್ನು ತನ್ನೊಳಗಿನಿಂದಲೇ ತೆಗೆಯುವುದು, ಒಳಕ್ಕೇ ಎಳೆದುಕೊಳ್ಳುವುದು. ತೈತ್ತಿರೀಯವು ಪರಮಾತ್ಮನು ಸೃಷ್ಟಿಯಾದ ಬಳಿಕ ಸೃಷ್ಟಿಯನ್ನೇ ಹೊಕ್ಕನೆಂದು ಸಾರಿತು. ಬೃಹದಾರಣ್ಯಕದ ಅಂತರ್ಯಾಮಿಬ್ರಾಹ್ಮಣದಲ್ಲಿ ಉದ್ದಾಲಕ ಆರುಣಿಯ ಪ್ರಶ್ನೆಗೆ ಉತ್ತರವಾಗಿ ಯಾಜ್ಞವಲ್ಕ್ಯನು ಭೂಮಿ, ನೀರು, ಅಗ್ನಿ, ಪ್ರಾಣ, ಮನಸ್ಸು ಇವೊಂದೊಂದರ ಒಳಗೂ ಇದ್ದು, ಅವುಗಳಿಗೆ ತಿಳಿಯದಂತೆ ಅವುಗಳನ್ನು ನಡೆಯಿಸುವವನೊಬ್ಬನನ್ನು ತೋರಿಸಿಕೊಟ್ಟನು. ಮುಂದಿನ ಎರಡು ಸಾವಿರ ವರ್ಷಗಳ ವೇದಾಂತ ವಿಚಾರವು ಈ ಅಂತರ್ಯಾಮಿಯ ಸುತ್ತಲೇ ಬೆಳೆಯಿತೆಂದರೆ ತಪ್ಪಾಗಲಾರದು.

೨

ಆದರೆ ಈ ಮಾತನ್ನು ಎಲ್ಲರೂ ಒಪ್ಪಿದರೆಂದು ತಿಳಿಯಬಾರದು. ಕರ್ತೃವಾದಕ್ಕೆ ಬಲವಾದ ಪೆಟ್ಟು ಕೊಟ್ಟವರಲ್ಲಿ ವೇದಪ್ರಾಮಾಣ್ಯವನ್ನು ಒಪ್ಪಿದವರೂ ಇದ್ದರೆಂಬುದು ಆಶ್ಚರ್ಯಕರವಾದ ಸಂಗತಿ. ಏಳನೆಯ ಶತಮಾನದ ಮೀಮಾಂಸಕ ಕುಮಾರಿಲಭಟ್ಟನು ತನ್ನ ಶ್ಲೋಕವಾರ್ತಿಕದಲ್ಲಿ ಕೇಳುವ ಪ್ರಶ್ನೆಗಳು ತೀಕ್ಷ್ಣವಾದುವು: ಸೃಷ್ಟಿಗೆ ಮೊದಲು ಆತನಿಗೆ ಶರೀರವಿದ್ದಿತೆ? ಇದ್ದರೆ ಅದನ್ನು ಮಾಡಿದವರಾರು? ಕರುಣೆಯಿಂದ ಸೃಷ್ಟಿಸಿದನೆಂದರೆ, ಆಗ ಕರುಣೆಗೆ ಪಾತ್ರರಾದ ಜೀವಿಗಳೇ ಇರಲಿಲ್ಲ. ಕರುಣೆಯುಳ್ಳವನು ದುಃಖವನ್ನೇಕೆ ಸೃಷ್ಟಿಸಿದನು? ವೇದವು ಅಪೌರುಷೇಯವೆಂದು ನಂಬಿದ ಕುಮಾರಿಲನಿಗೆ ಕರ್ತೃವಿನ ಅವಶ್ಯಕತೆಯೇ ತೋರಲಿಲ್ಲ.

ಅದೇ ಶತಮಾನದ ಬೌದ್ಧಾಚಾರ್ಯ ಧರ್ಮಕೀರ್ತಿಯು ಕುಂಬಾರನ ದೃಷ್ಟಾಂತವನ್ನೇ ಹಿಡಿದು ಪ್ರಶ್ನಿಸಿದನು. ಮಣ್ಣಿನಿಂದಾದ ಮಡಕೆಯನ್ನು ಕುಂಬಾರನು ಮಾಡಿರುವನೆಂಬ ಕಾರಣದಿಂದ ಮಣ್ಣಿನಿಂದಾದುದನ್ನೆಲ್ಲ ಕುಂಬಾರನೇ ಮಾಡಿದನೆನ್ನುವುದಾದರೆ, ಹುತ್ತವನ್ನು ಕೂಡ ಕುಂಬಾರನೇ ಮಾಡಿದನೆನ್ನಬೇಕಾದೀತಲ್ಲ! ಈ ಒಂದು ಹುತ್ತವು ನೈಯಾಯಿಕರನ್ನು ಕೆಲವು ಶತಮಾನಗಳ ಕಾಲ ಕಾಡಿತು.

ನಮ್ಮ ನಾಡಿನಲ್ಲಿ ಈ ಖಂಡನೆಯನ್ನು ಎತ್ತಿದವರು ಜಿನಸೇನಾಚಾರ್ಯರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನಿಗೆ (೮೧೪-೮೭೮) ಪೂಜ್ಯರಾಗಿದ್ದ ಈ ಮಹನೀಯರು ತಮ್ಮ ಸಂಸ್ಕೃತ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ ಕರ್ತೃವಾದವನ್ನು ನೇರವಾಗಿ ಪ್ರಶ್ನಿಸಿರುವರು. ಸೃಷ್ಟಿಗೆ ಮೊದಲು ಆತನು ಎಲ್ಲಿ ನಿಂತಿದ್ದನು? ಅಮೂರ್ತನಾದವನು ಮೂರ್ತವಾದ ಜಗತ್ತನ್ನು ಹೇಗೆ ಮಾಡಿದನು? ಕೃತಕೃತ್ಯನಾದವನಿಗೆ ಮಾಡಬೇಕೆಂಬ ಇಚ್ಛೆ ಏಕೆ ಹುಟ್ಟಿತು? ವಾತ್ಸಲ್ಯದಿಂದ ಮಾಡಿದನಾದರೆ ಎಲ್ಲರನ್ನೂ ಸುಖಿಗಳನ್ನಾಗಿ ಏಕೆ ಮಾಡಲಿಲ್ಲ? ಲೋಕವು ಅನಾದಿ, ಅದನ್ನು ಮಾಡಿದವನಿಲ್ಲ, ಜೀವನು ತನ್ನ ಕರ್ಮದ ಫಲವನ್ನು ತಾನೇ ಉಣ್ಣುವನು ಎಂಬುದು ಜೈನಸಿದ್ಧಾಂತ. ಈ ಗ್ರಂಥವನ್ನು ಆಧಾರವಾಗಿಟ್ಟುಕೊಂಡೇ ಪಂಪನು ೯೪೧ರಲ್ಲಿ ಕನ್ನಡದ ಆದಿಪುರಾಣವನ್ನು ರಚಿಸಿದನು. ಕನ್ನಡದ ಆದಿಕವಿಯ ಧರ್ಮಕಾವ್ಯವು ಸೃಷ್ಟಿಕರ್ತನನ್ನು ಒಪ್ಪದ ದರ್ಶನದಿಂದ ಬಂದಿತೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಈ ಮೂವರ ಆಕ್ಷೇಪಗಳಲ್ಲಿ ಬಹುಪಾಲು ತರ್ಕದ ಚಮತ್ಕಾರವೆಂದು ಯಾರಾದರೂ ತಳ್ಳಿಹಾಕಬಹುದು. ಆದರೆ ದುಃಖದ ಪ್ರಶ್ನೆಯನ್ನು ಹಾಗೆ ತಳ್ಳಿಹಾಕಲಾಗದು. ಅದು ತರ್ಕದಿಂದ ಹುಟ್ಟಿದುದಲ್ಲ; ಸಾವು ನುಗ್ಗಿದ ಮನೆಯಲ್ಲಿ ಹುಟ್ಟಿದುದು.

೩

ದುಃಖದ ಪ್ರಶ್ನೆಯನ್ನು ಬಾದರಾಯಣರ ಬ್ರಹ್ಮಸೂತ್ರಗಳು ಮರೆಮಾಚಿಲ್ಲ. ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಈಶ್ವರನ ಮೇಲೆ ಎರಡು ಆರೋಪಗಳನ್ನು ಹೆಸರಿಸಿಯೇ ಎತ್ತಿಕೊಂಡಿರುವುದು: ಒಂದು ವೈಷಮ್ಯ, ಎಂದರೆ ಪಕ್ಷಪಾತ; ಇನ್ನೊಂದು ನೈರ್ಘೃಣ್ಯ, ಎಂದರೆ ನಿರ್ದಯತೆ. ಒಬ್ಬನನ್ನು ಅರಮನೆಯಲ್ಲಿಯೂ ಒಬ್ಬನನ್ನು ಗುಡಿಸಲಿನಲ್ಲಿಯೂ ಹುಟ್ಟಿಸಿದವನು ಪಕ್ಷಪಾತಿಯಲ್ಲವೆ? ಎಲ್ಲವನ್ನೂ ಕೊನೆಗೆ ಸಂಹರಿಸುವವನು ನಿರ್ದಯನಲ್ಲವೆ? ಸುಮಾರು ಎಂಟನೆಯ ಶತಮಾನದಲ್ಲಿ ಭಾಷ್ಯವನ್ನು ಬರೆದ ಶಂಕರಾಚಾರ್ಯರು ಇಲ್ಲಿ ಮಳೆಯ ದೃಷ್ಟಾಂತವನ್ನು ಕೊಡುವರು. ಮಳೆಯು ಭತ್ತಕ್ಕೂ ಜವೆಗೂ ಒಂದೇ. ಆದರೆ ಭತ್ತದಿಂದ ಭತ್ತವೂ ಜವೆಯಿಂದ ಜವೆಯೂ ಬೆಳೆಯುವುದಕ್ಕೆ ಆಯಾ ಬೀಜಗಳ ಶಕ್ತಿಯು ಕಾರಣ. ಹಾಗೆಯೇ ಈಶ್ವರನು ಎಲ್ಲರಿಗೂ ಸಾಧಾರಣ ಕಾರಣನು. ಬೇರೆಬೇರೆ ಫಲಗಳಿಗೆ ಜೀವರ ಧರ್ಮಾಧರ್ಮಗಳು ಕಾರಣ.

ಈ ಸಮಾಧಾನದಲ್ಲಿ ಒಂದು ಗುಣವಿದೆ. ಅದು ಮನುಷ್ಯನ ಹೊಣೆಯನ್ನು ದೇವರ ತಲೆಗೆ ಕಟ್ಟುವುದಿಲ್ಲ. ಆದರೆ ಅದರಲ್ಲಿಯೇ ಒಂದು ತೊಡಕೂ ಇದೆ. ಮಳೆಯು ಯಾರ ಹೊಲವೆಂದು ನೋಡಿ ಸುರಿಯುವುದಿಲ್ಲ. ಫಲವೆಲ್ಲ ಬೀಜದಂತೆಯೇ ಆಗುವುದಾದರೆ, ರೈತನು ಮಳೆಯನ್ನು ಬೇಡುವುದೇಕೆ? ಪ್ರಾರ್ಥನೆಗೆ ಸ್ಥಾನವೆಲ್ಲಿ?

ನೈಯಾಯಿಕರು ಈ ತೊಡಕಿಗೆ ತಮ್ಮ ರೀತಿಯ ಉತ್ತರ ಕೊಟ್ಟರು. ಅವರಲ್ಲಿ ಅಗ್ರಗಣ್ಯನು ಹತ್ತು-ಹನ್ನೊಂದನೆಯ ಶತಮಾನಗಳ ಸುಮಾರಿನಲ್ಲಿ ಮಿಥಿಲೆಯಲ್ಲಿದ್ದ ಉದಯನಾಚಾರ್ಯನು. ಅವನ ನ್ಯಾಯಕುಸುಮಾಂಜಲಿಯು ಐದು ಸ್ತಬಕಗಳಿಂದ ಕೂಡಿ, ಈಶ್ವರಸಾಧನೆಗೆಂದೇ ಹೊರಟ ಗ್ರಂಥ. ಐದನೆಯ ಸ್ತಬಕದಲ್ಲಿ ಎಣಿಸಿರುವ ಎಂಟು ಹೇತುಗಳಲ್ಲಿ ಮೊದಲನೆಯದು ಕಾರ್ಯತ್ವ. ಅದೇ ನಮ್ಮ ಕುಂಬಾರನ ದೃಷ್ಟಾಂತ. ಆದರೆ ಉದಯನನು ಅಲ್ಲಿಗೇ ನಿಲ್ಲಲಿಲ್ಲ. ಮೂರನೆಯದಾಗಿ ಧೃತಿಯನ್ನು ಹೇಳಿದನು. ಭಾರವುಳ್ಳ ವಸ್ತುವು ಕೆಳಕ್ಕೆ ಬೀಳದಿರಬೇಕಾದರೆ ಯಾರೋ ಅದನ್ನು ಹಿಡಿದಿರಬೇಕು. ಆಕಾಶದಲ್ಲಿ ಹಾರುವ ಹಕ್ಕಿಯ ಕಾಲಿನಲ್ಲಿರುವ ಕಡ್ಡಿಯಂತೆ ಈ ಬ್ರಹ್ಮಾಂಡವೂ ಒಬ್ಬನ ಪ್ರಯತ್ನದಿಂದ ಹಿಡಿಯಲ್ಪಟ್ಟಿರುವುದು. ಕುಂಬಾರನು ಹೋದರೂ ಮಡಕೆಯಿರುವುದು. ಹಕ್ಕಿಯು ಬಿಟ್ಟರೆ ಕಡ್ಡಿಯು ಆ ಕ್ಷಣದಲ್ಲಿಯೇ ಬೀಳುವುದು. ಒಂದೇ ಗ್ರಂಥದಲ್ಲಿ ಈ ಎರಡು ದೃಷ್ಟಾಂತಗಳೂ ಬೇಕಾದುದೇಕೆಂದು ಆಲೋಚಿಸಿದರೆ, ಕುಂಬಾರನ ಹುಡುಗನ ಸಂಶಯವು ಉದಯನನಿಗೂ ತಿಳಿದಿತ್ತೆಂದೇ ನನಗೆ ತೋರುವುದು. ಕರ್ಮವು ಜಡವಾದುದರಿಂದ ಅದು ತಾನಾಗಿ ಫಲವನ್ನು ಕೊಡಲಾರದು. ಯಾರ ಕರ್ಮಕ್ಕೆ ಯಾವ ಫಲವೆಂದು ಬಲ್ಲ ಚೇತನನೊಬ್ಬನು ನಿತ್ಯವೂ ಇರಬೇಕೆಂಬುದೂ ನೈಯಾಯಿಕರ ಮತವೇ.

ಉದಯನನ ವಿಷಯದಲ್ಲಿ ಪಂಡಿತರು ಹೇಳುವ ಐತಿಹ್ಯವೊಂದುಂಟು. ಅವನು ಪುರಿಯ ಜಗನ್ನಾಥನ ದರ್ಶನಕ್ಕೆ ಹೋದಾಗ ಬಾಗಿಲು ಮುಚ್ಚಿದ್ದಿತಂತೆ. ಆಗ ಅವನು ದೇವರನ್ನೇ ಗದರಿಸಿ, ಐಶ್ವರ್ಯಮದದಿಂದ ನನ್ನನ್ನು ಅಲಕ್ಷ್ಯ ಮಾಡುತ್ತಿರುವೆಯಷ್ಟೆ, ಬೌದ್ಧರು ಬಂದು ನಿಂತಾಗ ನಿನ್ನ ಇರವು ನನ್ನ ಕೈಯಲ್ಲಿರುವುದೆಂದು ಹೇಳಿದನಂತೆ. ಇದು ನಡೆದಿರಲಿ ಇಲ್ಲದಿರಲಿ, ಹೀಗೆ ಜಗಳವಾಡಬಹುದಾದ ದೇವರು ಎಂದೋ ಸೃಷ್ಟಿಸಿ ದೂರ ಹೋದವನಾಗಿರಲಾರನು. ಇದಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದುದು ಕುಸುಮಾಂಜಲಿಯ ಸಮಾಪ್ತಿ. ಇಷ್ಟೆಲ್ಲ ಯುಕ್ತಿಗಳ ನೀರಿನಿಂದ ತೊಳೆದರೂ ಯಾರ ಹೃದಯದಲ್ಲಿ ಈಶ್ವರನು ನೆಲೆಗೊಳ್ಳಲಿಲ್ಲವೋ ಅವರ ಮನಸ್ಸು ಕಲ್ಲಿನಂತಹುದು ಎಂದು ಗ್ರಂಥಕಾರನು ಮೊದಲು ಖೇದಪಡುವನು. ಆದರೆ ಅವರೂ ಖಂಡಿಸುವ ನೆಪದಿಂದಲಾದರೂ ನಿನ್ನನ್ನು ತೀವ್ರವಾಗಿ ಚಿಂತಿಸಿದವರಾದ ಕಾರಣ, ಕಾಲ ಬಂದಾಗ ನೀನೇ ಕೃಪೆಯಿಂದ ಅವರನ್ನು ಉದ್ಧರಿಸಬೇಕೆಂದು ಬೇಡಿಕೊಳ್ಳುವನು. ಪ್ರತಿವಾದಿಯ ಸೋಲಿನಿಂದ ತೃಪ್ತನಾಗದೆ ಅವನ ಮೋಕ್ಷವನ್ನು ಬೇಡಿದ ತಾರ್ಕಿಕನಿಗೆ ನಮಸ್ಕಾರ.

೪

ಇನ್ನು ಕನ್ನಡ ನಾಡಿನ ಆಚಾರ್ಯರ ಕಡೆಗೆ ಬರೋಣ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಮೇಲುಕೋಟೆಯಲ್ಲಿ ನೆಲಸಿದ್ದರೆಂದು ಸಂಪ್ರದಾಯವು ಹೇಳುವ ರಾಮಾನುಜಾಚಾರ್ಯರು ಕುಂಬಾರನ ಅನುಮಾನವನ್ನು ಒಪ್ಪಲಿಲ್ಲವೆಂಬುದು ಹಲವರಿಗೆ ತಿಳಿಯದ ಸಂಗತಿ. ಭೂಮಿ, ಪರ್ವತ ಮೊದಲಾದುವನ್ನೆಲ್ಲ ಒಬ್ಬನೇ ಒಂದೇ ಕಾಲದಲ್ಲಿ ಮಾಡಿದನೆಂಬುದಕ್ಕೆ ಅನುಮಾನವು ಸಾಲದು. ಅನೇಕರು ಬೇರೆಬೇರೆ ಕಾಲಗಳಲ್ಲಿ ಮಾಡಿರಬಹುದು. ಲೋಕದಲ್ಲಿ ಕಂಡ ಕರ್ತೃಗಳೆಲ್ಲ ಶರೀರವುಳ್ಳವರೂ ಅಲ್ಪಜ್ಞರೂ ಆದುದರಿಂದ ಅನುಮಾನದಿಂದ ಸಿದ್ಧಿಸುವವನೂ ಅಂತಹವನೇ ಆದಾನು ಎಂದು ಶ್ರೀಭಾಷ್ಯದಲ್ಲಿ ತೋರಿಸಿ, ಈಶ್ವರನನ್ನು ಶಾಸ್ತ್ರದಿಂದಲೇ ತಿಳಿಯಬೇಕೆಂದು ಅವರು ನಿರ್ಣಯಿಸಿದರು. ಪರಮಭಕ್ತರಾದವರೇ ಈ ಯುಕ್ತಿಯನ್ನು ಕೈಬಿಟ್ಟುದೇಕೆ? ಅವರಿಗೆ ಬೇಕಾಗಿದ್ದ ದೇವರು ಅದರಿಂದ ದೊರೆಯುತ್ತಿರಲಿಲ್ಲ. ಅಂತರ್ಯಾಮಿಬ್ರಾಹ್ಮಣವನ್ನು ಆಧಾರವಾಗಿಟ್ಟುಕೊಂಡು ಅವರು ಚೇತನಾಚೇತನಾತ್ಮಕವಾದ ಜಗತ್ತೆಲ್ಲವೂ ಭಗವಂತನ ಶರೀರವೆಂದರು. ಮಡಕೆಯನ್ನು ಬಿಟ್ಟು ಕುಂಬಾರನು ಹೋಗಬಹುದು. ಶರೀರವನ್ನು ಬಿಟ್ಟು ಆತ್ಮನು ಹೋದರೆ ಶರೀರವು ನಿಲ್ಲದು.

ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರೂ ಇತರ ಶರಣರೂ ಬೇರೊಂದು ದಾರಿಯಿಂದ ಇದೇ ನೆಲೆಗೆ ಬಂದರು. ಶೈವಾಗಮಗಳು ಶಿವನಿಗೆ ಸೃಷ್ಟಿ, ಸ್ಥಿತಿ, ಸಂಹಾರ, ತಿರೋಧಾನ, ಅನುಗ್ರಹವೆಂಬ ಐದು ಕೃತ್ಯಗಳನ್ನು ಹೇಳುವುವು. ಮೊದಲಿನ ಮೂರು ಜಗತ್ತಿಗೆ ಸಂಬಂಧಪಟ್ಟುವು. ಮರೆಸುವುದು, ಮರೆಯನ್ನು ತೆಗೆದು ಅನುಗ್ರಹಿಸುವುದು ಎಂಬ ಕೊನೆಯ ಎರಡು ಜೀವನಿಗೆ ಸಂಬಂಧಪಟ್ಟುವು. ಸೃಷ್ಟಿಯು ಅನುಗ್ರಹದಲ್ಲಿ ಮುಗಿಯದಿದ್ದರೆ ಶಿವನ ಕೆಲಸವು ಪೂರ್ತಿಯಾಗುವುದಿಲ್ಲವೆಂದೇ ಇದರ ತಾತ್ಪರ್ಯ. ಶರಣರು ಇದನ್ನು ಅಂಗೈಯವರೆಗೆ ತಂದರು. ಬ್ರಹ್ಮಾಂಡವನ್ನು ವ್ಯಾಪಿಸಿದ ಲಿಂಗವನ್ನು ಗುರುವು ಶಿಷ್ಯನ ಕರಸ್ಥಲಕ್ಕೆ ಕೊಡುವನು. ಅದನ್ನು ಧರಿಸಿದವನು ಅಂಗಡಿಯಲ್ಲಿರಲಿ, ಹೊಲದಲ್ಲಿರಲಿ, ಮಗ್ಗದ ಮುಂದಿರಲಿ, ಅವನ ಕಾಯಕದ ಹೊತ್ತಿನಲ್ಲಿಯೂ ಲಿಂಗವು ಅವನೊಡನಿರುವುದು.

ಉಡುಪಿಯ ಮಧ್ವಾಚಾರ್ಯರು (೧೨೩೮-೧೩೧೭) ಈ ವಿಚಾರದಲ್ಲಿ ಮಾಡಿದ ಕೆಲಸವು ವಿಶೇಷವಾಗಿ ಗಮನಾರ್ಹ. ಅವರ ಮತದಲ್ಲಿ ಭಗವಂತನು ಜಗತ್ತಿಗೆ ಉಪಾದಾನಕಾರಣನಲ್ಲ, ಕುಂಬಾರನಂತೆ ನಿಮಿತ್ತಕಾರಣನೇ. ಎಂದರೆ ಜೇಡವನ್ನೂ ಶರೀರವನ್ನೂ ದಾಟಿ ಅವರು ಮರಳಿ ಕುಂಬಾರನಲ್ಲಿಗೇ ಬಂದಂತಾಯಿತು! ಹಾಗಾದರೆ ನಮ್ಮ ಹುಡುಗನ ಪ್ರಶ್ನೆಯು ಇವರಿಗೆ ಎಲ್ಲರಿಗಿಂತಲೂ ಹೆಚ್ಚಾಗಿ ತಟ್ಟಬೇಕು. ಅವರು ಅದನ್ನು ಎದುರಿಸಿದ ರೀತಿಯನ್ನು ನೋಡಿರಿ. ಜಗಜ್ಜನ್ಮಾದಿಗಳನ್ನು ಹೇಳುವ ಬ್ರಹ್ಮಸೂತ್ರಕ್ಕೆ ಸಾಮಾನ್ಯವಾಗಿ ಸೃಷ್ಟಿ, ಸ್ಥಿತಿ, ಲಯಗಳೆಂದು ಮೂರನ್ನು ಹೇಳುವುದು ವಾಡಿಕೆ. ಮಧ್ವಾಚಾರ್ಯರು ಎಂಟನ್ನು ಹೇಳಿದರು: ಸೃಷ್ಟಿ, ಸ್ಥಿತಿ, ಸಂಹಾರ, ನಿಯಮನ, ಜ್ಞಾನ, ಅಜ್ಞಾನ, ಬಂಧ, ಮೋಕ್ಷ. ಈ ಎಂಟರಲ್ಲಿ ಸೃಷ್ಟಿಯು ಒಂದು ಮಾತ್ರ. ಉಳಿದುವೆಲ್ಲ ಸೃಷ್ಟಿಯಾದ ಮೇಲೆ ನಡೆಯತಕ್ಕುವು. ಅವುಗಳಲ್ಲಿಯೂ ಕಡೆಯ ನಾಲ್ಕು ಒಬ್ಬೊಬ್ಬ ಜೀವನ ಬಾಳಿಗೆ ಸೇರಿದುವು. ದ್ರವ್ಯ, ಕರ್ಮ, ಕಾಲ, ಸ್ವಭಾವ, ಜೀವ ಇವು ಅನಾದಿಯಾದರೂ ಇವುಗಳ ಇರವು ಕೂಡ ಆತನ ಅಧೀನ. ಆತನು ಉಪೇಕ್ಷಿಸಿದರೆ ಅವು ಇಲ್ಲ. ಹೀಗೆ ಕುಂಬಾರನು ಉಳಿದನು, ಆದರೆ ಚಕ್ರದಿಂದ ಕೈತೆಗೆಯದ ಕುಂಬಾರನಾಗಿ ಉಳಿದನು.

ಆಚಾರ್ಯರ ಈ ಶಾಸ್ತ್ರಾರ್ಥವು ಗೃಹಿಣಿಯರ ಬಾಯಿಗೂ ದನಗಾಹಿಗಳ ಕಿವಿಗೂ ಬಂದುದು ಹದಿನಾರನೆಯ ಶತಮಾನದ ಹರಿದಾಸರಿಂದ. ಪುರಂದರದಾಸರ, ಕನಕದಾಸರ ಪದಗಳಲ್ಲಿ ದೇವರು ಜಗತ್ತನ್ನು ಹೇಗೆ ಮಾಡಿದನೆಂಬ ವಿಚಾರವು ವಿರಳ. ಮಾಡಿದವನು ಹಸಿದವರನ್ನು ಮರೆಯನೆಂಬ ಧೈರ್ಯವು ಬಹಳ. ಗುಡ್ಡದ ಮೇಲಣ ಮರಕ್ಕೂ ಕಲ್ಲಿನೊಳಗಣ ಕಪ್ಪೆಗೂ ಪೋಷಣೆಯನ್ನು ಒದಗಿಸುವವನಿರುವಾಗ ಮನಸ್ಸೇ ಏಕೆ ತಳಮಳಿಸುವೆ ಎಂದು ಕನಕದಾಸರು ಸಂತೈಸುವ ಪದವನ್ನು ಅರಿಯದ ಕನ್ನಡ ಮನೆಯುಂಟೆ?

೫

ಇಷ್ಟು ವಾದಗಳು ನಡೆದುವಲ್ಲ, ಇವುಗಳಿಂದ ಜನರ ಬಾಳಿನಲ್ಲಿ ಏನಾಯಿತೆಂದು ಚರಿತ್ರಕಾರನು ಕೇಳಬೇಕು. ಕರ್ತೃವನ್ನು ಒಪ್ಪುವವರೂ ಒಪ್ಪದವರೂ ಒಂದೇ ಊರಿನ ಒಂದೇ ಬಾವಿಯ ನೀರನ್ನು ಕುಡಿಯಬೇಕಾಗಿದ್ದಿತು. ಜಗಳಗಳು ಆಗದೆ ಇರಲಿಲ್ಲ. ಶ್ರವಣಬೆಳಗೊಳದಲ್ಲಿ ೧೩೬೮ರ ಪ್ರಸಿದ್ಧ ಶಾಸನವೊಂದಿರುವುದು. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿರುವುದೆಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಸ್ಥಳಗಳ ಜೈನರು ವಿಜಯನಗರದ ಬುಕ್ಕರಾಯನಿಗೆ ಬಿನ್ನೈಸಿಕೊಂಡರು. ಅರಸನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನದರ್ಶನಕ್ಕೆ ಹಿಂದಿನಂತೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲತಕ್ಕುವೆಂದು ಕಟ್ಟುಮಾಡಿದನು. ಜೈನರಿಗಾಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಭಾವಿಸಬೇಕೆಂದೂ ವಿಧಿಸಿದನು. ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕುದೆಂದೂ, ಅದರಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿ ಆಳುಗಳನ್ನಿಟ್ಟು, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಯಿಸತಕ್ಕುದೆಂದೂ ಏರ್ಪಾಡಾಯಿತು. ಸೃಷ್ಟಿಕರ್ತನನ್ನು ಪೂಜಿಸುವವರು, ಸೃಷ್ಟಿಕರ್ತನಿಲ್ಲವೆಂಬವರ ಬಸದಿಗೆ ಕಾವಲು! ವಾದವು ಮುಗಿಯಲಿಲ್ಲ, ಮುಗಿಯದಿದ್ದರೂ ಬಾಳುವ ದಾರಿಯು ದೊರೆಯಿತು.

ಬೇಲೂರಿನ ಶಾಸನವೊಂದರಲ್ಲಿರುವ ಮಂಗಳಶ್ಲೋಕವೂ ಇದೇ ದಾರಿಯದು. ಶೈವರ ಶಿವ, ವೇದಾಂತಿಗಳ ಬ್ರಹ್ಮ, ಬೌದ್ಧರ ಬುದ್ಧ, ಜೈನರ ಅರ್ಹಂತ, ಇವರೆಲ್ಲರೂ ಕೇಶವನೇ ಎಂದು ಅದು ಹೇಳುವುದು. ಅಲ್ಲಿ ನೈಯಾಯಿಕರು ಆತನನ್ನು ಕರ್ತೃವೆನ್ನುವರು, ಮೀಮಾಂಸಕರು ಕರ್ಮವೆನ್ನುವರು. ಕುಮಾರಿಲನನ್ನೂ ಉದಯನನನ್ನೂ ಒಂದೇ ಶ್ಲೋಕದ ನೆರಳಿನಲ್ಲಿ ಕೂರಿಸಿದ ಆ ಕವಿಗೆ ವಾದಗಳ ಭೇದವು ತಿಳಿಯದಿರಲಿಲ್ಲ. ತಿಳಿದೇ ಹಾಗೆ ಬರೆದನು.

ಈ ಚರಿತ್ರೆಯಿಂದ ನಾನು ಕಲಿತುದಿಷ್ಟು. ಸೃಷ್ಟಿಕರ್ತನೊಬ್ಬನಿರುವನೆಂದು ಸಾಧಿಸಿದ ಮಾತ್ರಕ್ಕೆ ಯಾರ ಕಣ್ಣೀರೂ ಒಣಗುವುದಿಲ್ಲವೆಂಬುದನ್ನು ನಮ್ಮ ಆಸ್ತಿಕರು ಬಲ್ಲವರಾಗಿದ್ದರು. ಆದುದರಿಂದಲೇ ಒಬ್ಬರು ಧೃತಿಯನ್ನೂ, ಒಬ್ಬರು ಶರೀರಶರೀರಿಭಾವವನ್ನೂ, ಒಬ್ಬರು ಅನುಗ್ರಹವನ್ನೂ, ಒಬ್ಬರು ಅಷ್ಟಕರ್ತೃತ್ವವನ್ನೂ ಸೇರಿಸುತ್ತ ಬಂದರು. ಹಾಗೆ ಸೇರಿಸುವಂತೆ ಅವರನ್ನು ಬಲವಂತಪಡಿಸಿದವರು ಕುಮಾರಿಲ, ಧರ್ಮಕೀರ್ತಿ, ಜಿನಸೇನರಂತಹ ಪ್ರತಿವಾದಿಗಳು. ಅವರ ಪ್ರಶ್ನೆಗಳಿಲ್ಲದಿದ್ದರೆ ನಮ್ಮ ದೇವರು ಇಂದಿಗೂ ಮಡಕೆ ಮಾಡಿಟ್ಟು ಹೋದವನಾಗಿಯೇ ಇರುತ್ತಿದ್ದನೋ ಏನೋ. ದುಃಖವೇಕೆಂಬ ಪ್ರಶ್ನೆಗೆ ಕರ್ಮವೆಂಬ ಉತ್ತರವು ಶಾಸ್ತ್ರದಲ್ಲಿರುವುದು. ಆದರೆ ಆ ಉತ್ತರವನ್ನು ನಾವು ನಮ್ಮ ವಿಷಯದಲ್ಲಿ ಹೇಳಿಕೊಳ್ಳಬಹುದೇ ಹೊರತು ನೊಂದವರ ಎದುರಿನಲ್ಲಿ ಹೇಳತಕ್ಕುದಲ್ಲವೆಂದು ನನ್ನ ಅಭಿಪ್ರಾಯ. ನೊಂದವರ ಬಳಿಯಲ್ಲಿ ಕುಳಿತಿರುವುದೇ ಅಲ್ಲಿ ಶಾಸ್ತ್ರ.

ಆ ಕುಂಬಾರರ ಹುಡುಗನು ಆ ವರ್ಷದ ಕೊನೆಗೆ ಓದನ್ನು ಬಿಟ್ಟು ತಂದೆಯ ಚಕ್ರದ ಮುಂದೆ ಕುಳಿತನು. ನಾನು ಅವನಿಗೆ ನಿಮಿತ್ತಕಾರಣದ ಲಕ್ಷಣವನ್ನು ಹೇಳಿದೆನಲ್ಲದೆ ಅವನ ತಂದೆಯ ಹೆಸರನ್ನು ಕೂಡ ಕೇಳಲಿಲ್ಲ. ಇಂದು ಅವನು ಅದೇ ಜಗಲಿಗೆ ಬಂದು ಕುಳಿತರೆ, ಮೊದಲು ಆ ಹರವಿಯು ಇನ್ನೂ ಇದೆಯೇ ಎಂದು ಕೇಳುವೆನು. ಬಳಿಕ, ನಿನ್ನ ಪ್ರಶ್ನೆಯನ್ನು ಯಾಜ್ಞವಲ್ಕ್ಯರಿಂದ ಮಧ್ವಾಚಾರ್ಯರವರೆಗೆ ದೊಡ್ಡವರೆಲ್ಲ ಕೇಳಿಕೊಂಡರಪ್ಪಾ, ಕುಂಬಾರನ ಹೋಲಿಕೆಯು ಆ ಒಂದು ಕಡೆಯಲ್ಲಿ ಮುರಿಯುವುದೆಂದು ಅವರಿಗೂ ತಿಳಿದಿತ್ತು ಎಂದು ಹೇಳುವೆನು. ಅಷ್ಟನ್ನು ಹೇಳಿ, ಅವನು ಹೇಳುವುದನ್ನು ಕೇಳುವೆನು.